ಮುಚ್ಚಿದ ಕೋಣೆ, ಉರಿಯುವ ಬತ್ತಿ: ಗಡಿನಾಡಿನ ಚಳಿಗಾಲದ ಒಂದು ಪ್ರಶ್ನೆ

ಮಾರ್ಗಶಿರ ಕಳೆದು ಪುಷ್ಯ ಬರುತ್ತಿದ್ದಂತೆ ನೀಲಗಿರಿಯ ತಗ್ಗುಗಳಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದ ಉದಕಮಂಡಲದಲ್ಲಿ ರಾತ್ರಿಯ ಉಷ್ಣಾಂಶ ಸೊನ್ನೆಯ ಸಮೀಪಕ್ಕೆ ಇಳಿಯುವುದು ಅಪರೂಪವಲ್ಲ. ತಾಳವಾಡಿಯ ಬೆಟ್ಟಗಳಲ್ಲಿಯೂ ವಯನಾಡಿನಲ್ಲಿಯೂ ಚಳಿ ಅಷ್ಟು ಕಠೋರವಲ್ಲದಿದ್ದರೂ ಮನೆಯಲ್ಲಿ ವೃದ್ಧರೋ ಎಳೆಯ ಕೂಸೋ ಇದ್ದರೆ ಕೋಣೆಯನ್ನು ಬೆಚ್ಚಗಿಡುವ ಚಿಂತೆ ಇದ್ದೇ ಇರುತ್ತದೆ. ಕಾಸರಗೋಡಿನ ನಮ್ಮ ಓದುಗರು ಇದನ್ನು ಕಂಡು ನಗಬಹುದು. ಅವರಿಗೆ ಧನುರ್ಮಾಸದಲ್ಲಿಯೂ ಫ್ಯಾನು ಬೇಕು. ಆದರೆ ಈ ಬರಹದ ಕೊನೆಯ ಭಾಗ ಅವರ ಮನೆಗೂ ಸಂಬಂಧಿಸಿದ್ದು.

ಸೀಮೆಎಣ್ಣೆಯ ಹೀಟರ್ ಅಥವಾ ಬತ್ತಿಯ ಸ್ಟೌ ಇಂದಿಗೂ ಕೆಲವು ಮನೆಗಳಲ್ಲಿ ಉಳಿದಿದೆ. ಎಣ್ಣೆಯೇ ವಿರಳವಾಗುತ್ತಿದೆ. ಪಡಿತರ ಸೀಮೆಎಣ್ಣೆಯ ಬೆಲೆಯನ್ನು 2016ರಿಂದ ಅಲ್ಪಾಲ್ಪವಾಗಿ ಏರಿಸುತ್ತ ಬಂದ ಕೇಂದ್ರ ಸರಕಾರ 2020ರ ವೇಳೆಗೆ ಸಬ್ಸಿಡಿಯನ್ನು ಸಂಪೂರ್ಣವಾಗಿ ನಿಲ್ಲಿಸಿತು. ಕೇರಳ, ತಮಿಳುನಾಡುಗಳಿಗೆ ದೊರೆಯುವ ಹಂಚಿಕೆಯೂ ಕುಗ್ಗುತ್ತ ಬಂದಿದೆ. ಅಡುಗೆಗೆ ಗ್ಯಾಸು, ದೀಪಕ್ಕೆ ವಿದ್ಯುತ್ತು ಬಂದ ಮೇಲೆ ಸೀಮೆಎಣ್ಣೆ ಏಕೆಂಬ ವಾದದಲ್ಲಿ ಹುರುಳಿದೆ. ಹೊಗೆ ಕಡಿಮೆಯಾದದ್ದು ನಿಜ. ಆದರೆ ಚಳಿಯ ಲೆಕ್ಕವನ್ನು ಈ ವಾದ ಹಿಡಿದಿಲ್ಲ. ಎಣ್ಣೆ ಸಿಗದ ಮನೆಯವರು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತರುತ್ತಾರೆ. ಇದು ಸೀಮೆಎಣ್ಣೆಗಿಂತ ಹೆಚ್ಚು ಅಪಾಯಕರವೆಂಬುದು ನಮ್ಮ ಖಚಿತ ಅಭಿಪ್ರಾಯ. ಬಾಗಿಲು ಮುಚ್ಚಿ ಇದ್ದಿಲು ಉರಿಸಿ ಮಲಗಿದವರು ಬೆಳಗ್ಗೆ ಏಳಲಿಲ್ಲವೆಂಬ ವಾರ್ತೆ ನೀಲಗಿರಿ, ಕೊಡೈಕೆನಾಲ್ ಕಡೆಯಿಂದ ಹಲವು ಬಾರಿ ಬಂದಿದೆ.

ಕೊಲ್ಲುವುದು ಬೆಂಕಿಯಲ್ಲ, ಗಾಳಿ. ಉರಿಯುವ ವಸ್ತುವಿಗೆ ಸಾಕಷ್ಟು ಆಮ್ಲಜನಕ ಸಿಗದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಜೊಂಪು ಇವು ಅದರ ಲಕ್ಷಣಗಳು. ಇವನ್ನು ಶೀತವೆಂದೋ ದಣಿವೆಂದೋ ತಿಳಿದು ಮತ್ತೆ ಕಂಬಳಿ ಹೊದ್ದು ಮಲಗುವುದೇ ಅನಾಹುತಕ್ಕೆ ದಾರಿ. ಕೋಣೆಯಲ್ಲಿರುವ ಇಬ್ಬರಿಗೆ ಏಕಕಾಲದಲ್ಲಿ ತಲೆನೋವು ಬಂದರೆ ಮೊದಲು ಹೊರಗೆ ನಡೆಯಬೇಕು, ಕಾರಣವನ್ನು ಆಮೇಲೆ ಹುಡುಕಬೇಕು. ಇದ್ದಿಲನ್ನು ಮಲಗುವ ಕೋಣೆಗೆ ತರಲೇಬಾರದು. ಸೀಮೆಎಣ್ಣೆಯ ಹೀಟರಿಗಾದರೆ ಕಿಟಕಿ ಎರಡು ಬೆರಳಿನಷ್ಟು ತೆರೆದಿರಬೇಕು, ಪಕ್ಕದ ಕೋಣೆಯ ಬಾಗಿಲೂ ತೆರೆದಿರಬೇಕು, ಮಲಗುವ ಮುನ್ನ ಅದು ಆರಿರಬೇಕು. ಬೆಚ್ಚಗಿನ ಗಾಳಿ ಹೊರಹೋಗುತ್ತದೆಂಬ ಅಜ್ಜಿಯ ಆಕ್ಷೇಪ ಸಹಜ. ಆದರೆ ಇಲ್ಲಿ ಅಜ್ಜಿಯ ಮಾತನ್ನು ಕೇಳುವಂತಿಲ್ಲ.

ಹಚ್ಚುವುದರಲ್ಲಿಯೂ ಕ್ರಮವಿದೆ. ಎಣ್ಣೆಯನ್ನು ಮನೆಯ ಹೊರಗೆ, ಹೀಟರ್ ಪೂರ್ತಿ ತಣಿದಿರುವಾಗ ತುಂಬಬೇಕು. ಕಂಠಮಟ್ಟ ತುಂಬಬಾರದು, ಏಕೆಂದರೆ ಬಿಸಿಯಾದಾಗ ಎಣ್ಣೆ ಹಿಗ್ಗುತ್ತದೆ. ಚೆಲ್ಲಿದ್ದನ್ನು ಒರೆಸಿದ ಬಟ್ಟೆಯೂ ಹೊರಗೇ ಇರಲಿ. ಹೊಸ ಬತ್ತಿಯಾದರೆ ಅರ್ಧ ಗಂಟೆ ನೆನೆಯಲು ಬಿಡಬೇಕು, ಒಣ ಬತ್ತಿಗೆ ಕಡ್ಡಿ ಗೀರಿದರೆ ಸುಡುವುದು ಎಣ್ಣೆಯಲ್ಲ, ಬತ್ತಿ. ಸಮತಟ್ಟಾದ ನೆಲದ ಮೇಲೆ, ಪರದೆ ಹಾಸಿಗೆಗಳಿಂದ ಒಂದು ಮೀಟರ್ ದೂರದಲ್ಲಿರಿಸಿ, ಬತ್ತಿಯನ್ನು ಏರಿಸಿ ಹಚ್ಚಿ, ಬರ್ನರನ್ನು ಅದರ ಸ್ಥಾನದಲ್ಲಿ ಸರಿಯಾಗಿ ಕೂರಿಸಬೇಕು. ಅದು ಓರೆಯಾಗಿ ಕುಳಿತರೆ ಜ್ವಾಲೆ ಒಂದೇ ಕಡೆ ಹಳದಿಯಾಗಿ ಎದ್ದು ಮಸಿ ಕಾರುತ್ತದೆ. ಮೊದಲ ಹತ್ತು ನಿಮಿಷ ಅದನ್ನು ಬಿಟ್ಟು ಹೋಗಬಾರದು. ಎಣ್ಣೆ ಉಳಿಸುವ ಆಸೆಯಿಂದ ಬತ್ತಿಯನ್ನು ತೀರಾ ಇಳಿಸುವುದು ಹಲವರ ಅಭ್ಯಾಸ. ಇದರಿಂದ ಉರಿ ಅಪೂರ್ಣವಾಗಿ ವಿಷಾನಿಲ ಹೆಚ್ಚುತ್ತದೆ. ಉರಿಯುತ್ತಿರುವಾಗ ಅದನ್ನು ಎತ್ತಿ ಒಯ್ಯುವುದು, ಊದಿ ಆರಿಸುವುದು, ಅದರ ಮೇಲೆ ಶಾಲೆಯ ಸಮವಸ್ತ್ರ ಒಣಗಿಸುವುದು ಸಲ್ಲದು. ಮಳೆಗಾಲದ ಸೋಮವಾರಗಳಂದು ಈ ಕೊನೆಯ ತಪ್ಪನ್ನು ಮಾಡದ ತಾಯಂದಿರು ವಿರಳವೆಂಬುದನ್ನು ನಾವು ಬಲ್ಲೆವು.

ಪಡಿತರದ ಎಣ್ಣೆ ನೀಲಿ, ಮುಕ್ತ ಮಾರುಕಟ್ಟೆಯದು ಬಿಳಿ. ಬಣ್ಣಕ್ಕಿಂತ ಮುಖ್ಯವಾದದ್ದು ಬೆರಕೆ. ಒಳ್ಳೆಯ ಸೀಮೆಎಣ್ಣೆಯ ಆವಿಗೆ ಕಿಡಿ ತಗಲಿ ಹೊತ್ತಲು ಎಣ್ಣೆ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರಬೇಕು. ಪೆಟ್ರೋಲಿನ ಆವಿಯಾದರೋ ಹಿಮದ ಚಳಿಯಲ್ಲಿಯೂ ಹೊತ್ತುತ್ತದೆ. ಹಿಂದೆ ಪೆಟ್ರೋಲು ತಂದ ಕ್ಯಾನಿನಲ್ಲಿ ಸೀಮೆಎಣ್ಣೆ ತರುವುದೂ ಇದೇ ಕಾರಣಕ್ಕೆ ಅಪಾಯ.

ಇದೆಲ್ಲ ಗುಟ್ಟಿನ ವಿದ್ಯೆಯಲ್ಲ. ಕ್ಯಾನಿನ ಮೇಲೆ, ಹೀಟರಿನ ಪೆಟ್ಟಿಗೆಯ ಮೇಲೆ, ಪಡಿತರ ಅಂಗಡಿಯ ಗೋಡೆಯ ಮೇಲೆ ಎಚ್ಚರಿಕೆಯ ಮಾತುಗಳಿರಬಹುದು. ಅವು ಕನ್ನಡದಲ್ಲಿರುವುದು ಮಾತ್ರ ಅಪರೂಪ. ಕನ್ನಡ ಶಾಲೆಗೆ ಹೋಗುವ ಐದನೆಯ ತರಗತಿಯ ಮಗು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದಬಲ್ಲದು, ಆದರೆ ಅದು ಓದಬಲ್ಲ ಲಿಪಿಯಲ್ಲಿ ಆ ಎಚ್ಚರಿಕೆ ಇಲ್ಲ. ಜಿಲ್ಲೆ ಅಥವಾ ತಾಲೂಕಿನ ಮಟ್ಟದಲ್ಲಿ ಶೇಕಡ 15ರಷ್ಟು ಜನ ಆಡುವ ಭಾಷೆಗೆ ಮುಖ್ಯ ನಿಯಮಗಳನ್ನೂ ಪ್ರಕಟಣೆಗಳನ್ನೂ ಅನುವಾದಿಸಿ ಕೊಡಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗಾಗಿ ಒಪ್ಪಿತವಾದ ರಕ್ಷಣೆಗಳಲ್ಲೊಂದು. ಶಾಲೆ, ಶಿಕ್ಷಕ, ಪಠ್ಯಪುಸ್ತಕಗಳ ಬೇಡಿಕೆಯಲ್ಲಿ ನಾವು ಇದನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತೇವೆ. ಅಗ್ನಿಶಾಮಕ ಇಲಾಖೆಯ ಒಂದು ಪುಟದ ಕರಪತ್ರಕ್ಕಾಗಿ ಕೇಳಿದ್ದು ಕಡಿಮೆ. ಈ ಉದಾಸೀನದಲ್ಲಿ ನಮ್ಮ ಪಾಲೂ ಇದೆ. ಶಿಕ್ಷಕ ರಕ್ಷಕ ಸಂಘದ ಸಭೆಯಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳುಹಿಸಲು ಅರ್ಧ ಗಂಟೆ ಸಾಕು.

ಇನ್ನು ಎಲ್ಲರ ಮನೆಗೂ ಸೇರಿದ ಮಾತು. ಈ ಎಣ್ಣೆ ಕಾಸರಗೋಡಿನಲ್ಲಿ ಚಿಮಿಣಿ ಎಣ್ಣೆ, ಸೊಲ್ಲಾಪುರ ಅಕ್ಕಲಕೋಟೆಗಳಲ್ಲಿ ಘಾಸಲೇಟ್ ಅಥವಾ ರಾಕೇಲ್, ತಾಳವಾಡಿಯ ಅಂಗಡಿಯಲ್ಲಿ ಮಣ್ಣೆಣ್ಣೆ. ಹೆಸರು ಯಾವುದಾದರೂ ಅದನ್ನು ನೀರಿನ ಅಥವಾ ತಂಪುಪಾನೀಯದ ಬಾಟಲಿಯಲ್ಲಿ ತುಂಬಿಡುವ ರೂಢಿ ಒಂದೇ. ಬಿಳಿ ಎಣ್ಣೆ ಮಗುವಿನ ಕಣ್ಣಿಗೆ ನೀರೇ. ಕುಡಿದದ್ದು ತಿಳಿದರೆ ಬೆರಳು ಹಾಕಿ ವಾಂತಿ ಮಾಡಿಸಬಾರದು, ಉಪ್ಪುನೀರು ಕುಡಿಸಬಾರದು. ಹೊಟ್ಟೆಯಿಂದ ಮೇಲೆ ಬರುವ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹಾನಿ ಹೆಚ್ಚು. ಒದ್ದೆಯಾದ ಬಟ್ಟೆ ಕಳಚಿ, ಬಾಟಲಿಯನ್ನೂ ಜೊತೆಗೆ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎಣ್ಣೆಗೆ ಹತ್ತಿದ ಬೆಂಕಿಗೆ ನೀರು ಸುರಿಯಬಾರದು, ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ, ಮರಳು ಹಾಕಬೇಕು. ಸುಟ್ಟ ಚರ್ಮಕ್ಕೆ ಮಾತ್ರ ನೀರೇ ಮದ್ದು: ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಟೂತ್‌ಪೇಸ್ಟು ಶಾಯಿಗಳನ್ನು ಹಚ್ಚಬಾರದು.

ಆಂಬುಲೆನ್ಸಿಗೆ 108, ಅಗ್ನಿಶಾಮಕಕ್ಕೆ 101. ಆ ಕಡೆ ಕರೆ ಎತ್ತಿಕೊಳ್ಳುವವರು ತಮಿಳನ್ನೋ ಮಲಯಾಳವನ್ನೋ ಮರಾಠಿಯನ್ನೋ ಆಡುವವರಾಗಿರುತ್ತಾರೆ. ತಮ್ಮ ಊರು, ಬೀದಿ, ಹತ್ತಿರದ ಶಾಲೆ ಅಥವಾ ಗುಡಿಯ ಹೆಸರನ್ನು ಆ ಭಾಷೆಯ ಎರಡು ವಾಕ್ಯಗಳಲ್ಲಿ ಹೇಳುವುದನ್ನು ಮಕ್ಕಳಿಗೆ ಈ ವಾರವೇ ಬಾಯಿಪಾಠ ಮಾಡಿಸಿ, ಚೀಟಿಯಲ್ಲಿ ಕನ್ನಡ ಅಕ್ಷರಗಳಲ್ಲಿಯೇ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿರಿ.