ಚಕ್ರ ಮರೆಸಿದ ಚೆಲುವು

ಆಟದ ಸಾಮಾನುಗಳೆಲ್ಲ ಮಕ್ಕಳಿಗಾಗಿಯೇ ಹುಟ್ಟಿದವೆಂದು ನಂಬಿರುವ ವಾಚಕರು, ಸ್ಲಾಟ್ ಕಾರುಗಳ ಮೇಜಿನ ಸುತ್ತ ನೆರೆಯುವ ಗುಂಪನ್ನು ಒಮ್ಮೆ ನೋಡಬೇಕು. ಅಂಗೈಯಗಲದ ಕಾರೊಂದು ತಿರುವಿನಲ್ಲಿ ಮಗುಚಿಕೊಂಡಿತೆಂದು ತಲೆನರೆತ ಹಿರಿಯರೂ ಅಲ್ಲಿ ಮುಖ ಬಾಡಿಸಿಕೊಳ್ಳುತ್ತಾರೆ!

ಆಟದ ಮರ್ಮ ಸರಳವಾದುದು. ಹಾದಿಯ ನಡುವೆ ಉದ್ದಕ್ಕೂ ಒಂದು ಸೀಳು. ಅದರ ಎರಡು ಪಕ್ಕಗಳಲ್ಲಿ ವಿದ್ಯುತ್ತು ಹರಿಯುವ ಲೋಹದ ಪಟ್ಟಿಗಳು. ಕಾರಿನ ಮೂತಿಯ ಕೆಳಗಿರುವ ನಾಲಗೆಯಂತಹ ತುಂಡು ಸೀಳಿನೊಳಗಿಳಿದು ದಾರಿ ಹಿಡಿಯುತ್ತದೆ. ಅದರ ಇಕ್ಕೆಲದ ತಾಮ್ರದ ಹೆಣಿಗೆ ಪಟ್ಟಿಗಳನ್ನು ಸವರುತ್ತ ಮೋಟಾರಿಗೆ ವಿದ್ಯುತ್ತನ್ನು ಒಯ್ಯುತ್ತದೆ. ಆಡುವವನ ಕೈಯಲ್ಲಿರುವುದು ವೇಗದ ಹಿಡಿತ ಮಾತ್ರ. ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಿನಿಂದ ಇಂತಹ ಕಾರುಗಳನ್ನು ಹೊರತಂದ ಮೇಲೆ ಅಲ್ಲಿನ ಎಷ್ಟೋ ಮನೆಗಳ ನಡುಮನೆ ಪಂದ್ಯದ ಬಯಲಾಯಿತು.

ಸಿದ್ಧವಾದ ಕಾರನ್ನು ಕೊಂಡು ಓಡಿಸುವವರು ಒಂದು ಬಗೆ. ತಾವೇ ಕಟ್ಟಿ ಓಡಿಸುವವರು ಇನ್ನೊಂದು ಬಗೆ. ಈ ಎರಡನೆಯವರ ಮನಸ್ಸನ್ನು ಸುಲಭವಾಗಿ ಸೆಳೆಯುವುದು ಗಾಳಿಗೆ ಮೈಯೊಡ್ಡಿ ನುಣುಪಾದ ಹಳೆಯ ಪಂದ್ಯದ ಕಾರುಗಳು. ಅವುಗಳಲ್ಲೊಂದು ಮರ್ಸಿಡಿಸ್ ಬೆಂಜ್ ಸಂಸ್ಥೆಯ ಡಬ್ಲ್ಯೂ 196.

1954ರ ಜುಲೈ 4ರಂದು ಫ್ರಾನ್ಸಿನ ರೈಮ್ಸ್ ಪಟ್ಟಣದ ಬಳಿ ಈ ಕಾರು ಮೊದಲ ಬಾರಿಗೆ ಪಂದ್ಯಕ್ಕಿಳಿಯಿತು. ಆ ಕಾಲದ ಗ್ರಾನ್ ಪ್ರಿ ಕಾರುಗಳ ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡಿರುತ್ತಿದ್ದವು. ಸುತ್ತುವ ಚಕ್ರಕ್ಕೆ ಗಾಳಿಯ ತಡೆ ಬಲು ಹೆಚ್ಚು. ಜರ್ಮನಿಯ ಯಂತ್ರಶಿಲ್ಪಿಗಳು ನಾಲ್ಕು ಚಕ್ರಗಳನ್ನೂ ತೆಳ್ಳನೆಯ ಲೋಹದ ಹೊದಿಕೆಯಿಂದ ಮರೆಮಾಡಿದರು. ರೈಮ್ಸಿನ ನೇರವಾದ ನೀಳ ರಸ್ತೆಗಳಲ್ಲಿ ಆ ಬೆಳ್ಳಿಯ ಬಣ್ಣದ ಕಾರುಗಳನ್ನು ಹಿಡಿಯುವವರೇ ಇಲ್ಲವಾಯಿತು. ಹ್ವಾನ್ ಮಾನ್ಯುಯೆಲ್ ಫಾಂಜಿಯೋ ಮೊದಲಿಗರಾದರು. ಕಾರ್ಲ್ ಕ್ಲಿಂಗ್ ಅವರ ಬೆನ್ನಿಗೇ ಎರಡನೆಯವರಾದರು.

ಎರಡು ವಾರ ಕಳೆಯುವುದರೊಳಗೆ ಅದೇ ಕಾರು ಇಂಗ್ಲೆಂಡಿನ ಸಿಲ್ವರ್‌ಸ್ಟನ್ನಿಗೆ ಬಂದಿತು. ಯುದ್ಧಕಾಲದ ವಿಮಾನ ನಿಲ್ದಾಣವಾಗಿದ್ದ ಆ ಬಯಲಿನಲ್ಲಿ ತಿರುವುಗಳ ಅಂಚನ್ನು ಎಣ್ಣೆಯ ಪೀಪಾಯಿಗಳಿಂದ ಗುರುತು ಮಾಡಿದ್ದರು. ಚಕ್ರಗಳು ಹೊದಿಕೆಯ ಕೆಳಗೆ ಅಡಗಿದ್ದುದರಿಂದ, ಅವು ಎಲ್ಲಿ ಉರುಳುತ್ತಿವೆಯೆಂದು ಫಾಂಜಿಯೋರಂತಹ ನಿಪುಣರಿಗೂ ತಿಳಿಯದಾಯಿತು. ಕಾರು ಪೀಪಾಯಿಗಳಿಗೆ ತಾಗಿ ತಾಗಿ ಮೂತಿ ಜಜ್ಜಿಹೋಯಿತು. ಅಂದು ಅವರಿಗೆ ದಕ್ಕಿದ್ದು ನಾಲ್ಕನೆಯ ಸ್ಥಾನ. ಆಗಸ್ಟಿನಲ್ಲಿ ನೂರ್‌ಬರ್ಗ್‌ರಿಂಗಿನ ತಿರುವುಗಳಿಗೆ ಹೊರಡುವಾಗ ಸಂಸ್ಥೆಯವರು ಅವರಿಗೆ ಕೊಟ್ಟದ್ದು ಚಕ್ರಗಳು ಹೊರಗೆ ಕಾಣುವ ಕಾರು. ಫಾಂಜಿಯೋ ಗೆದ್ದರು. ನುಣುಪು ಮೈಯನ್ನೇನೂ ಅವರು ಎಸೆದುಬಿಡಲಿಲ್ಲ. ವೇಗದ ಹಾದಿಯಾದ ಇಟಲಿಯ ಮಾಂಜಾದಲ್ಲಿ 1954ರಲ್ಲಿಯೂ 1955ರಲ್ಲಿಯೂ ಅದೇ ಗೆಲುವು ತಂದಿತು.

ಈ ಕಥೆಯನ್ನು ಓದಿ ಬಲ್ಲೆನೆಂಬ ಧೈರ್ಯದಿಂದಲೇ ನಾನು ಅದರ ಮಾದರಿಗೆ ಕೈಹಚ್ಚಿದೆ. ಅಳತೆ ಮೂವತ್ತೆರಡರಲ್ಲಿ ಒಂದು ಪಾಲು. ನಿಜವಾದ ಕಾರಿನ ಮುಂದಿನ ಹಿಂದಿನ ಚಕ್ರಗಳ ನಡುವೆ 2350 ಮಿಲಿಮೀಟರು. ನನ್ನದರಲ್ಲಿ ಸುಮಾರು 73. ಮೆದುಮರದಲ್ಲಿ ಆಕಾರವನ್ನು ಕೆತ್ತಿ, ರಟ್ಟಿನ ಪಡಿಯಚ್ಚುಗಳಿಂದ ಅಡ್ಡಕ್ಕೂ ಉದ್ದಕ್ಕೂ ತಾಳೆ ನೋಡಿ, ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಎಳೆದು ಮೈಯನ್ನು ಪಡೆದೆ. ಹಿತ್ತಾಳೆಯ ತಗಡಿಗೆ ತಂತಿ ಬೆಸೆದು ಅಡಿಗಟ್ಟು ಮಾಡಿದೆ. ಬೆಳ್ಳಿಯ ಬಣ್ಣ ಒಣಗಿದಾಗ ಮನೆಯವರೆಲ್ಲ ಹೊಗಳಿದರು.

ಓಡಿಸಿದಾಗ ಬಣ್ಣ ಬಯಲಾಯಿತು. ಮೊದಲ ತಿರುವಿನಲ್ಲಿಯೇ ಕಾರು ವಾಲಿ, ಟೈರು ಮಡ್‌ಗಾರ್ಡಿನ ಒಳಮೈಗೆ ಉಜ್ಜಿ, ಸೀಳಿನಿಂದ ಹಾರಿ ಮೇಜಿನಿಂದ ಕೆಳಕ್ಕೆ ಬಿದ್ದಿತು. ಮೈಯನ್ನು ತುಸು ಮೇಲೆತ್ತಿ ಕೂರಿಸಿದರೆ ಉಜ್ಜುವುದಿಲ್ಲ. ಆದರೆ ಅದು ಡಬ್ಲ್ಯೂ 196 ಆಗಿ ಉಳಿಯುವುದಿಲ್ಲ, ಮೊಣಕಾಲುದ್ದ ಪಂಚೆ ಉಟ್ಟಂತೆ ಕಾಣುತ್ತದೆ. ಕಡೆಗೆ ಮಡ್‌ಗಾರ್ಡುಗಳ ಒಳಮೈಯನ್ನು ಕಾಗದದಷ್ಟು ತೆಳ್ಳಗೆ ಉಜ್ಜಿದೆ. ಟೈರಿನ ಎತ್ತರವನ್ನು ಕೂದಲೆಳೆಯಷ್ಟು ಇಳಿಸಿದೆ. ಮೈಯನ್ನು ಬಿಗಿದ ಸ್ಕ್ರೂಗಳನ್ನು ಕಾಲು ಸುತ್ತು ಸಡಿಲಿಸಿ, ಅದು ತಾನಾಗಿ ಅಲುಗಾಡಲು ಎಡೆಗೊಟ್ಟೆ. ಭಾರವನ್ನೆಲ್ಲ ಹಾದಿಗೆ ಹತ್ತಿರವಾಗಿ ಕೆಳಗಿಳಿಸಿದೆ. ಕಾರು ನಿಂತಿತು. ಅದರ ನೀಳವಾದ ಮೂತಿಯೂ ಒಂದು ಉಪಕಾರ ಮಾಡಿತು: ಸೀಳು ಹಿಡಿಯುವ ನಾಲಗೆಯನ್ನು ಚಕ್ರಗಳಿಗಿಂತ ಸಾಕಷ್ಟು ಮುಂದಕ್ಕೆ ಕೂರಿಸಲು ಅದರಲ್ಲಿ ಎಡೆಯಿತ್ತು.

ಇಷ್ಟು ಪುಟ್ಟ ಕಾರಿಗೆ ಗಾಳಿಯ ತಡೆ ಹೆಚ್ಚು ಲೆಕ್ಕಕ್ಕೆ ಬಾರದು. ಯಾವುದಕ್ಕಾಗಿ ಆ ಮೈ ಹುಟ್ಟಿತೋ ಆ ಪ್ರಯೋಜನ ಮಾದರಿಯಲ್ಲಿಲ್ಲ. ತೊಡಕು ಮಾತ್ರ ಹಾಗೆಯೇ ಉಳಿದಿದೆ. ಆದರೂ ಕಟ್ಟುವವರು ಅದನ್ನೇ ಕಟ್ಟುತ್ತಾರೆ. 2025ರ ಫೆಬ್ರವರಿಯಲ್ಲಿ ಸ್ಟುಟ್‌ಗಾರ್ಟಿನಲ್ಲಿ ಇಂತಹ ಒಂದು ನಿಜವಾದ ಕಾರು ಹರಾಜಾದಾಗ ಬೆಲೆ 5 ಕೋಟಿ 11 ಲಕ್ಷ ಯೂರೋಗಳನ್ನು ಮೀರಿತು. ನನ್ನ ಕಾರಿಗೆ ಆದ ಖರ್ಚು ಒಂದು ತುಂಡು ಮರ, ಒಂದಿಷ್ಟು ತಗಡು, ಕೆಲವು ಭಾನುವಾರಗಳು. ತಿರುವಿನಲ್ಲಿ ಚಕ್ರ ಕಾಣದೆ ಫಾಂಜಿಯೋ ಪಟ್ಟ ಪಾಡು ಏನೆಂಬುದು ನನಗೆ ಪುಸ್ತಕದಿಂದ ತಿಳಿದಿತ್ತು. ಅರ್ಥವಾದದ್ದು ಮಾತ್ರ ಮೇಜಿನ ಕೆಳಗೆ ಬಿದ್ದ ಕಾರನ್ನು ಬಗ್ಗಿ ಎತ್ತಿಕೊಂಡಾಗ.