ಆರೋಗ್ಯ ವಿಚಾರ: ಅರೆಯುಸಿರಿನಲ್ಲಿ ಬದುಕುವ ಗಡ್ಡೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ಬಂದವರ ಮುಂದೆ ಕವಳದ ಬಟ್ಟಲನ್ನಿಡುವುದು ಹಿಂದಿನಿಂದ ನಡೆದುಬಂದ ಮರ್ಯಾದೆ. ಆದರೆ ತಂಬಾಕು ಬೆರೆತ ಕವಳವಷ್ಟೇ ಅಲ್ಲ, ಬರಿಯ ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ತೋಟವನ್ನೇ ನಂಬಿದವರಿಗೆ ಈ ಮಾತು ಕಹಿ. ಆದರೂ ಮರೆಮಾಚತಕ್ಕುದಲ್ಲವೆಂದು ನಾವು ಭಾವಿಸುತ್ತೇವೆ.

ಬಸಿಗಾಲುವೆ ಕಟ್ಟಿ ತೋಟದಲ್ಲಿ ನೀರು ನಿಂತರೆ, ಅಡಿಕೆಯ ಬೇರು ಗಾಳಿಯಿಲ್ಲದೆ ಕೊಳೆಯುವುದು. ಬಾಯಿಯಲ್ಲಿ ಬೆಳೆದ ಅರ್ಬುದದ ಗಡ್ಡೆಯು ಇಷ್ಟು ಸುಲಭವಾಗಿ ಸಾಯದು. ರಕ್ತನಾಳದಿಂದ ಸುಮಾರು 0.15 ಮಿಲಿಮೀಟರಿನಾಚೆಗೆ ಪ್ರಾಣವಾಯುವು, ಎಂದರೆ ಆಮ್ಲಜನಕವು, ತಲಪಲಾರದು. ಅಲ್ಲಿಯ ಅನೇಕ ಜೀವಕಣಗಳು ಸಾಯುವುವು. ಅಂಚಿನ ಕೆಲವು ಅರೆಯುಸಿರಿನಲ್ಲಿಯೇ ಬದುಕಲು ಕಲಿತು, ಹೊಸ ರಕ್ತನಾಳಗಳನ್ನು ತಮ್ಮೆಡೆಗೆ ಬೆಳೆಯಿಸಿಕೊಳ್ಳುವುವು. ಜೀವಕಣವು ಪ್ರಾಣವಾಯುವಿನ ಕೊರತೆಯನ್ನು ಅರಿಯುವ ಬಗೆಯನ್ನು ಕಂಡುಹಿಡಿದ ಕೇಲಿನ್, ರಾಟ್‌ಕ್ಲಿಫ್, ಸೆಮೆನ್ಜಾ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಕಿರಣವು ಮಾಡಿದ ಗಾಯವನ್ನು ಮಾಯದಂತೆ ಮಾಡುವುದು ಪ್ರಾಣವಾಯುವೇ. ಅದಿಲ್ಲದ ಕಣಗಳನ್ನು ಕೊಲ್ಲಲು ಎರಡು ಮೂರು ಪಟ್ಟು ಕಿರಣವು ಬೇಕಾಗುವುದು. ರಕ್ತವು ಸರಿಯಾಗಿ ಹರಿಯದೆಡೆಗೆ ಔಷಧಿಯೂ ಸಾಕಷ್ಟು ಹೋಗದು.

ಆದುದರಿಂದ ಕಿರಣಚಿಕಿತ್ಸೆಗೆಂದು ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಟವರು ಬೀಡಿ ಸಿಗರೇಟುಗಳನ್ನು ಅಂದೇ ಬಿಡತಕ್ಕದ್ದು. ಹೊಗೆಯ ವಿಷವಾಯುವು ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಕಸಿಯುವುದು. ರಕ್ತಹೀನತೆಯಿದ್ದರೆ ವೈದ್ಯರೊಡನೆ ವಿಚಾರಿಸತಕ್ಕದ್ದು.

ಗೃಹಿಣಿಯರೇ, ಮನೆಯವರ ಬಾಯೊಳಗೆ ಮೂರು ವಾರವಾದರೂ ಮಾಯದ ಹುಣ್ಣಾಗಲಿ, ಬಿಳಿಯ ಅಥವಾ ಕೆಂಪು ಮಚ್ಚೆಯಾಗಲಿ ಕಂಡರೆ, ಕೊಯ್ಲು ಮುಗಿಯಲೆಂದು ಕಾಯಬೇಡಿರಿ. ಗಡ್ಡೆಯು ಚಿಕ್ಕದಿರುವಾಗಲೇ ವೈದ್ಯರಿಗೆ ತೋರಿಸಿರಿ. ಆಗ ಅದರಲ್ಲಿ ಕಿರಣಕ್ಕೂ ಔಷಧಿಗೂ ಮಣಿಯದ ಮೂಲೆಗಳು ಕಡಿಮೆ.