ಬ್ಯಾಂಕು ನಂಬುವ ನಮ್ಮ ಮಾತನ್ನು ಕೋರ್ಟು ಯಾಕೆ ನಂಬುವುದಿಲ್ಲ?



ಮೊದಲು ಒಂದು ಲೆಕ್ಕ ಕೇಳುತ್ತೇನೆ. ನಿಮ್ಮ ಸಂಘದಲ್ಲಿ ಹದಿನೈದೋ ಇಪ್ಪತ್ತೋ ಜನ ಇದ್ದೀರಿ. ಅಷ್ಟು ಜನರಲ್ಲಿ ಎಷ್ಟು ಮಂದಿಯ ಹೆಸರಿನಲ್ಲಿ ಪಹಣಿ ಇದೆ? ಎಷ್ಟು ಮಂದಿಯ ಹೆಸರಿನಲ್ಲಿ ಮನೆಯ ಖಾತೆ ಇದೆ? ಗಂಡನದ್ದು, ಮಾವನದ್ದು, ತೀರಿಕೊಂಡು ಇಪ್ಪತ್ತು ವರ್ಷವಾದರೂ ಪಹಣಿಯಿಂದ ಇಳಿಯದ ಅಜ್ಜನದ್ದು ಲೆಕ್ಕಕ್ಕಿಲ್ಲ. ನಿಮ್ಮದೇ ಹೆಸರು ಇರಬೇಕು. ನಮ್ಮ ತಾಲ್ಲೂಕಿನ ಮೂರು ಸಂಘಗಳ ವಾರದ ಸಭೆಯಲ್ಲಿ ಈ ಪ್ರಶ್ನೆ ಹಾಕಿದೆ. ಮೇಲೆದ್ದ ಕೈಗಳನ್ನು ಎಣಿಸಲು ನನ್ನ ಒಂದು ಕೈಯ ಬೆರಳು ಸಾಕಾದವು. ಆ ಕೈಗಳಲ್ಲೂ ಹೆಚ್ಚಿನವು ವಿಧವೆಯರವು.

ಈ ಲೆಕ್ಕಕ್ಕೂ ಜೈಲಿಗೂ ಏನು ಸಂಬಂಧ ಎನ್ನುತ್ತೀರಾ? ಹೇಳುತ್ತೇನೆ.

ನಮ್ಮ ಕಡೆಯ ಒಬ್ಬ ಹೆಣ್ಣುಮಗಳು. ಹೆಸರು ಬೇಡ, ಪ್ರಕರಣ ಇನ್ನೂ ನಡೆಯುತ್ತಿದೆ. ಮದುವೆಯಲ್ಲಿ ಚಿನ್ನ, ಬೈಕು ಎಲ್ಲ ಕೊಟ್ಟಿದ್ದರು. ಅದು ಸಾಲದೆ, ತವರಿನ ಸೈಟು ಬರೆಸಿಕೊಂಡು ಬಾ ಎಂದು ಒಂಬತ್ತು ವರ್ಷ ಹೊಡೆತ. ಎರಡು ಸಲ ಠಾಣೆಗೆ ಹೋದಳು. ಎರಡು ಸಲವೂ 'ಸಂಸಾರ ಅಂದಮೇಲೆ ಇದ್ದದ್ದೇ' ಎಂದು ಬುದ್ಧಿ ಹೇಳಿ ಕಳಿಸಿದರು. ಆಗೆಲ್ಲ ಸಂಘದವರು ಆಕೆಯ ಜೊತೆಗಿದ್ದರು, ಆಸ್ಪತ್ರೆಗೆ ಕರೆದೊಯ್ದವರೂ ಅವರೇ. 2022ರ ನವೆಂಬರ್ ಕೊನೆಯ ಒಂದು ರಾತ್ರಿ ಗಂಡ ಮಚ್ಚು ಹಿಡಿದು ಒಳಗೆ ನುಗ್ಗಿದ. ಕೈಗೆ ಸಿಕ್ಕ ಒನಕೆಯಿಂದ ಆಕೆ ಹೊಡೆದಳು. ಎರಡು ದಿನದ ಮೇಲೆ ಆತ ಸತ್ತ. ಅದು ಆತ್ಮರಕ್ಷಣೆಯೋ ಕೊಲೆಯೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ. ನಾನು ಕೇಳುವುದು ಬೇರೆ.

ಅಂದಿನಿಂದ ಸಂಘದ ಒಬ್ಬಳೂ ಆಕೆಯ ಮುಖ ನೋಡಲು ಹೋಗಲಿಲ್ಲ. ಪುಸ್ತಕದಲ್ಲಿ ಆಕೆಯ ಹೆಸರಿನ ಮೇಲೆ ಗೆರೆ ಎಳೆದರು. ಉಳಿತಾಯವನ್ನು ಸಾಲಕ್ಕೆ ವಜಾ ಹಾಕಿಕೊಂಡರು. "ಜೈಲಿಗೆ ಹೋದೋಳ ಸಹವಾಸ ನಮಗ್ಯಾಕೆ ಮೇಡಂ, ನಾಳೆ ನಮ್ಮ ಹೆಣ್ಮಕ್ಕಳಿಗೆ ಗಂಡು ಸಿಗಬೇಕಲ್ಲ" ಎಂದರು ಅಧ್ಯಕ್ಷೆ. ಅದೇ ತಿಂಗಳು 11ನೇ ತಾರೀಖು ಇದೇ ಹೆಂಗಸರು ಒನಕೆ ಓಬವ್ವನ ಪಟಕ್ಕೆ ಹಾರ ಹಾಕಿ ಭಾಷಣ ಕೇಳಿ ಬಂದಿದ್ದರು. ಕೋಟೆಯ ಕಿಂಡಿಯಲ್ಲಿ ನುಸುಳಿದವನನ್ನು ಹೊಡೆದರೆ ವೀರವನಿತೆ. ಅಡುಗೆಮನೆಗೆ ನುಗ್ಗಿದವನನ್ನು ಹೊಡೆದರೆ ಹೆಸರಿನ ಮೇಲೆ ಗೆರೆ.

ದೂರು ಕೊಡುವ ಹೆಣ್ಣಿನ ಜೊತೆ ನಾವು ಠಾಣೆಯ ಒಳಗೂ ಹೋಗುತ್ತೇವೆ. ಆರೋಪ ಹೊತ್ತ ಹೆಣ್ಣನ್ನು ಠಾಣೆಯ ಗೇಟಿನಲ್ಲೇ ಬಿಟ್ಟು ಬರುತ್ತೇವೆ. ಇದು ಆ ಒಂದು ಸಂಘದ ತಪ್ಪಲ್ಲ, ನಮ್ಮ ಇಡೀ ಚಳವಳಿಯ ಅಭ್ಯಾಸ, ಅದರಲ್ಲಿ ನನ್ನ ಪಾಲೂ ಇದೆ. 1983ರಲ್ಲಿ 498ಎ ಕಲಂ ಬಂದಾಗ, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಬಂದಾಗ ಕುಣಿದಾಡಿದವರು ನಾವು. ಜೈಲು ಎಂದರೆ ಅವರನ್ನು ಕಳಿಸಬೇಕಾದ ಜಾಗ ಎಂದೇ ತಿಳಿದಿದ್ದೆವು. ಅಲ್ಲಿ ನಮ್ಮಂಥವರೂ ಇರುತ್ತಾರೆ ಎಂದು ಯೋಚಿಸಲಿಲ್ಲ.

ಎಲ್ಲ ಕಡೆಯೂ ಹೀಗಲ್ಲ. ಪಂಜಾಬಿನಿಂದ ಮದುವೆಯಾಗಿ ಇಂಗ್ಲೆಂಡಿಗೆ ಹೋಗಿದ್ದ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷ ಹೊಡೆತ ತಿಂದು, 1989ರಲ್ಲಿ ಗಂಡನಿಗೆ ಬೆಂಕಿ ಹಚ್ಚಿದಳು. ಆತ ಸತ್ತ, ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ಲಂಡನ್ನಿನಲ್ಲಿ ವಲಸೆ ಬಂದ ಕುಟುಂಬಗಳ ಹೆಣ್ಣುಮಕ್ಕಳು 1979ರಲ್ಲಿ ಕಟ್ಟಿಕೊಂಡಿದ್ದ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಸಣ್ಣ ಸಂಘಟನೆ ಆಕೆಯನ್ನು ಬಿಡಲಿಲ್ಲ. ಜೈಲಿಗೆ ಹೋದರು, ಆಕೆಯ ಕಥೆ ಕೇಳಿದರು, ಬೇರೆ ವಕೀಲರನ್ನು ಹುಡುಕಿದರು, ಬೀದಿಯಲ್ಲಿ ನಿಂತರು. 1992ರಲ್ಲಿ ಕೊಲೆಯ ತೀರ್ಪು ರದ್ದಾಯಿತು, ಅದಕ್ಕಿಂತ ಕಡಿಮೆಯ ಅಪರಾಧವೆಂದು ತೀರ್ಮಾನವಾಗಿ, ಅಷ್ಟರಲ್ಲಿ ಕಳೆದ ಸೆರೆವಾಸವೇ ಸಾಕೆಂದು ಬಿಟ್ಟರು. ಐಶ್ವರ್ಯಾ ರೈ ನಟಿಸಿದ ಸಿನಿಮಾ ನೋಡಿ ನಮ್ಮಲ್ಲೂ ಎಷ್ಟೋ ಜನ ಕಣ್ಣೊರೆಸಿಕೊಂಡೆವು. ಸಿನಿಮಾದ ಕಿರಣ್‌ಜಿತ್‌ಗೆ ಕಣ್ಣೀರಿದೆ, ಪಕ್ಕದ ಓಣಿಯವಳಿಗೆ ಇಲ್ಲ.

ಮತ್ತೆ ನಮ್ಮವಳ ವಿಷಯಕ್ಕೆ ಬರೋಣ. 2023ರ ಏಪ್ರಿಲಿನಲ್ಲಿ ಆಕೆಗೆ ಜಾಮೀನು ಮಂಜೂರಾಯಿತು. ಒಂದು ಲಕ್ಷ ರೂಪಾಯಿಯ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು. ಕಾನೂನು ನೆರವಿನ ವಕೀಲರು 'ಆಯ್ತಮ್ಮ, ಇನ್ನೇನು ಬಿಡುಗಡೆ' ಎಂದು ಹೇಳಿ ಹೋದರು. ಆಕೆ ಜೈಲಿನ ಬಾಗಿಲು ದಾಟಿದ್ದು ಆಗಸ್ಟಿನಲ್ಲಿ! ಬಿಡಿ ಎಂದು ನ್ಯಾಯಾಧೀಶರೇ ಹೇಳಿದ ಮೇಲೂ ನಾಲ್ಕು ತಿಂಗಳು ಒಳಗೆ. ಮೂರು ವರ್ಷದ ಮಗ ತಾಯಿಯ ಜೊತೆ ಒಳಗೇ ಇದ್ದ. ಆರು ವರ್ಷದವರೆಗಿನ ಮಕ್ಕಳನ್ನು ತಾಯಿಯ ಹತ್ತಿರ ಇಟ್ಟುಕೊಳ್ಳಲು ಅವಕಾಶವಿದೆ. ಏಳು ವರ್ಷದ ಮಗಳು ಹೊರಗೆ, ಸತ್ತವನ ತಾಯಿಯ ಮನೆಯಲ್ಲಿ. ಆ ವರ್ಷ ಅವಳನ್ನು ಶಾಲೆಗೆ ಕಳಿಸಲಿಲ್ಲ. ಬೆಳಿಗ್ಗೆ ಎದ್ದು ದನದ ಕೊಟ್ಟಿಗೆ ಗುಡಿಸುವುದು, ಯಾರಾದರೂ ಬಂದರೆ 'ಇವಳ ತಾಯಿಯೇ' ಎಂದು ತೋರಿಸಿಕೊಳ್ಳುವುದು, ಇಷ್ಟೇ ಅವಳ ಪಾಲಿಗೆ ಬಂದದ್ದು.

ಯಾಕೆ ನಾಲ್ಕು ತಿಂಗಳು? ಜಾಮೀನುದಾರರು ಸಿಗಲಿಲ್ಲ. ಅಣ್ಣ ಬಂದ, ಆದರೆ ಜಮೀನು ಇನ್ನೂ ಅಜ್ಜನ ಹೆಸರಿನಲ್ಲಿತ್ತು, ಪೌತಿ ಖಾತೆ ಆಗಿರಲಿಲ್ಲ. ತಾಯಿಗೆ ಏನೂ ಇರಲಿಲ್ಲ. ಕೋರ್ಟಿನ ಹತ್ತಿರ ಒಬ್ಬಾತ ಎಂಟು ಸಾವಿರ ಕೊಟ್ಟರೆ ಪಹಣಿ ಸಮೇತ ಮನುಷ್ಯನನ್ನು ತಂದು ನಿಲ್ಲಿಸುತ್ತೇನೆ ಎಂದ. ಬಡವರಿಗೆ ಜಾಮೀನು ಎಂಬುದು ಹೀಗೆ ಸಂತೆಯ ಸರಕಾಗಿದೆ. ವಿಷಯ ನನ್ನ ಕಿವಿಗೆ ಬಿದ್ದಾಗ ಜೂನ್ ಮುಗಿಯುತ್ತಿತ್ತು. ನನ್ನ ಮನೆ ನನ್ನ ಹೆಸರಿನಲ್ಲಿದೆ, ಪಾಠ ಹೇಳಿದ ಸಂಬಳದಲ್ಲಿ ಕಟ್ಟಿದ್ದು. ಕಾಗದಪತ್ರ ಹಿಡಿದು ಹೋದೆ. "ನಿಮ್ಮ ಯಜಮಾನರನ್ನು ಕರ್ಕೊಂಡು ಬನ್ನಿ ಮೇಡಂ" ಎಂದರು ಗುಮಾಸ್ತರು. ಯಜಮಾನರಿಗೆ ಇದರಲ್ಲಿ ಏನು ಕೆಲಸ ಎಂದು ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ, ನನ್ನ ಕಾಗದ ತೆಗೆದುಕೊಂಡರು. ಎರಡನೆಯ ಜಾಮೀನುದಾರಳು ಪಕ್ಕದ ಹಳ್ಳಿಯ ಸಂಘದ ಒಬ್ಬ ವಿಧವೆ. ಗಂಡ ಸತ್ತ ಮೇಲೆ ಒಂದೂವರೆ ಎಕರೆ ಅವಳ ಹೆಸರಿಗೆ ಬಂದಿತ್ತು. "ಅವನು ಬದುಕಿದ್ದಿದ್ರೆ ಈ ಸಹಿ ಹಾಕೋಕೆ ಆಗ್ತಿರಲಿಲ್ಲ ನೋಡಿ" ಎಂದು ಆಕೆ ಅಂದದ್ದು ತಮಾಷೆಗೋ ಅಲ್ಲವೋ ನನಗೆ ತಿಳಿಯಲಿಲ್ಲ.

ಈಗ ಮೊದಲಿನ ಲೆಕ್ಕ ನೆನಪು ಮಾಡಿಕೊಳ್ಳಿ. ಮಗಳಿಗೆ ಜಮೀನಿನ ಪಾಲು ಕೊಡುವ ಬದಲು ವರದಕ್ಷಿಣೆ ಕೊಟ್ಟು ಕಳಿಸುತ್ತೇವೆ. ವರದಕ್ಷಿಣೆ ಗಂಡನ ಮನೆ ಸೇರುತ್ತದೆ, ಪಹಣಿ ಅಣ್ಣತಮ್ಮಂದಿರಲ್ಲಿ ಉಳಿಯುತ್ತದೆ. ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ, ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ತಿದ್ದಿದರು. ನಾವು ಅಣ್ಣನ ಮನಸ್ಸು ನೋಯಬಾರದೆಂದು ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿ ಬರುತ್ತೇವೆ. ಆಸ್ತಿ ಇಲ್ಲದವಳು ತನಗೂ ಜಾಮೀನು ಕೊಡಲಾರಳು, ಗೆಳತಿಗೂ ಕೊಡಲಾರಳು. ವರದಕ್ಷಿಣೆಯ ಒಂದು ತುದಿ ಸ್ಟೋವಿನ ಹತ್ತಿರ ಇದ್ದರೆ ಇನ್ನೊಂದು ತುದಿ ಜೈಲಿನ ಕಂಬಿಯ ಹತ್ತಿರ ಇದೆ.

ಇದು ಕಾನೂನಿಗೆ ಗೊತ್ತಿಲ್ಲದ ಸಂಗತಿಯೇ? ಚೆನ್ನಾಗಿ ಗೊತ್ತು. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಹತ್ತು ಸಾವಿರದ ಜಾಮೀನು ಕೇಳಿದ್ದರು. ಅವನ ಅಣ್ಣ ಬೇರೆ ಜಿಲ್ಲೆಯವನು ಎಂದು ಅವನನ್ನೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಕಟುವಾಗಿ ಟೀಕಿಸಿ, ಸಾವಿರ ರೂಪಾಯಿಯ ಅವನ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ಮರುವರ್ಷ ಹುಸೈನಾರಾ ಖಾತೂನ್ ಪ್ರಕರಣ. ಬಿಹಾರದ ಜೈಲುಗಳಲ್ಲಿ, ಶಿಕ್ಷೆಯಾಗಿದ್ದರೂ ಅಷ್ಟು ಕಾಲ ಇರಬೇಕಾಗದ ಬಡವರು ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದರು. ಅವರ ಪರ ಹೋರಾಡಿದವರು ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ. ಏನೂ ಅಪರಾಧ ಮಾಡದ, ಅಪರಾಧಕ್ಕೆ ಬಲಿಯಾದ ಹೆಂಗಸರನ್ನೂ 'ರಕ್ಷಣೆ' ಎಂಬ ಹೆಸರಿನಲ್ಲಿ ಅಲ್ಲಿ ಕೂಡಿಹಾಕಿದ್ದರು!

ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಭಗವತಿ ಒಂದು ಉದಾಹರಣೆ ಕೊಟ್ಟಿದ್ದಾರೆ, ಅದು ನಮಗೆ ಮುಖ್ಯ. 1961ರಲ್ಲಿ ನ್ಯೂಯಾರ್ಕಿನಲ್ಲಿ ವೆರಾ ಎಂಬ ಸ್ವಯಂಸೇವಾ ಸಂಸ್ಥೆ ಒಂದು ಪ್ರಯೋಗ ಮಾಡಿತು. ಕಾನೂನು ವಿದ್ಯಾರ್ಥಿಗಳು ಬಂಧಿತರ ಹತ್ತಿರ ಹೋಗಿ ವಿಚಾರಿಸುತ್ತಿದ್ದರು: ಎಷ್ಟು ವರ್ಷದಿಂದ ಈ ಊರಿನಲ್ಲಿದ್ದೀರಿ, ಮನೆಯಲ್ಲಿ ಯಾರಿದ್ದಾರೆ, ಏನು ಕೆಲಸ. ಊರಿನಲ್ಲಿ ಬೇರು ಇರುವವನು ಓಡಿಹೋಗುವುದಿಲ್ಲ, ಹಣ ಕೇಳದೆ ಬಿಡಿ ಎಂದು ನ್ಯಾಯಾಧೀಶರಿಗೆ ಶಿಫಾರಸು ಮಾಡುತ್ತಿದ್ದರು. ಹಾಗೆ ಬಿಟ್ಟವರಲ್ಲಿ ತಪ್ಪಿಸಿಕೊಂಡವರು ಬಹಳ ಕಡಿಮೆ. 1966ರಲ್ಲಿ ಅಮೆರಿಕದ ಜಾಮೀನು ಕಾನೂನು ಬದಲಾಗಲು ಈ ಪ್ರಯೋಗವೂ ಕಾರಣವಾಯಿತು.

ಒಬ್ಬ ಹೆಂಗಸಿನ ಬೇರು ಎಲ್ಲಿದೆ ಎಂದು ಸಂಘಕ್ಕಿಂತ ಚೆನ್ನಾಗಿ ಬಲ್ಲವರು ಯಾರು? ಮೈರಾಡದಂಥ ಸಂಸ್ಥೆಗಳು ನಮ್ಮ ರಾಜ್ಯದಲ್ಲಿ ಕಟ್ಟಿದ ಗುಂಪುಗಳ ಅನುಭವದ ಮೇಲೆ ನಬಾರ್ಡ್ 1992ರಲ್ಲಿ ಸಂಘಗಳಿಗೆ ಬ್ಯಾಂಕ್ ಸಾಲ ಶುರು ಮಾಡಿತು. ಪಹಣಿ ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಇಪ್ಪತ್ತು ಹೆಂಗಸರು ಒಬ್ಬರಿಗೊಬ್ಬರು ನಿಲ್ಲುತ್ತಾರೆ ಎಂಬ ಮಾತೇ ಅಡಮಾನ. ಒಬ್ಬಳು ಕಂತು ತಪ್ಪಿದರೆ ಉಳಿದವರು ಅವಳ ಮನೆ ಬಾಗಿಲಲ್ಲಿ ಕೂತು ಕಟ್ಟಿಸುತ್ತಾರೆ, ಇಲ್ಲವೇ ತಾವೇ ಹಾಕುತ್ತಾರೆ. ಲಕ್ಷಗಟ್ಟಲೆ ದುಡ್ಡಿನ ವಿಷಯದಲ್ಲಿ ಬ್ಯಾಂಕು ನಂಬುವ ಈ ಮಾತನ್ನು, ಒಬ್ಬ ಹೆಂಗಸು ವಾಯಿದೆಯ ದಿನ ಕೋರ್ಟಿಗೆ ಬರುತ್ತಾಳೆ ಎಂಬಷ್ಟಕ್ಕೆ ನ್ಯಾಯಾಲಯ ಯಾಕೆ ನಂಬಬಾರದು? ಜಾಮೀನು ಎಂದರೆ ಅಷ್ಟೇ, ವಾಯಿದೆಗೆ ಹಾಜರಾಗುವ ಭರವಸೆ. ಬಡ ಹೆಂಗಸರನ್ನು ಸ್ವಂತ ಮುಚ್ಚಳಿಕೆ ಮತ್ತು ಸಂಘದ ಹೊಣೆಯ ಮೇಲೆ ಬಿಡಬೇಕು ಎಂದು ನಾವು ಕೇಳಬೇಕು, ಜಿಲ್ಲೆ ಜಿಲ್ಲೆಯಲ್ಲೂ ಕೇಳಬೇಕು.

ಆದರೆ ಕೋರ್ಟಿನ ಮುಂದೆ ಈ ಮಾತು ಎತ್ತುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಎಮ್ಮೆ ಸಾಲಕ್ಕೆ ನಂಬಿದ ಗೆಳತಿಯನ್ನು ಪೊಲೀಸರು ಕರೆದೊಯ್ದ ಮರುದಿನ ಯಾಕೆ ನಂಬಲಿಲ್ಲ?

ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, "ಹಾಗಾದ್ರೆ ಸೊಸೆಯನ್ನ ಸುಟ್ಟ ಅತ್ತೆಗೂ ನಾವೇ ಜಾಮೀನು ನಿಲ್ಬೇಕಾ?" ಎಂದು ಕೇಳಿದರು. ಅವರ ಮಗಳು ವರದಕ್ಷಿಣೆಗೆ ಬಲಿಯಾದವಳು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಇಲ್ಲ, ನಾನು ನಿಲ್ಲುವುದಿಲ್ಲ, ನಿಮ್ಮನ್ನೂ ಕೇಳುವುದಿಲ್ಲ. ಸಾಕ್ಷಿಗಳನ್ನು ಹೆದರಿಸುವವರಿಗೆ ಜಾಮೀನು ಕೊಡಬೇಡಿ ಎಂದು ಅರ್ಜಿ ಹಾಕುವುದೂ ನಮ್ಮ ಕೆಲಸವೇ. ಆದರೆ ಆ ಅತ್ತೆಗೂ ವಕೀಲರಿರಬೇಕು, ವಿಚಾರಣೆ ಬೇಗ ನಡೆಯಬೇಕು. ಹಣವಿದ್ದ ಅತ್ತೆ ವಾರದಲ್ಲಿ ಹೊರಗೆ, ಕೂಲಿಯ ಅತ್ತೆ ವರ್ಷಗಟ್ಟಲೆ ಒಳಗೆ ಎಂದಾದರೆ ನಮ್ಮ ಮಗಳ ಸಾವಿಗೆ ನ್ಯಾಯ ಸಿಕ್ಕಂತಾಗುವುದಿಲ್ಲ, ಬಡತನಕ್ಕೆ ಶಿಕ್ಷೆ ಆದಂತಾಗುತ್ತದೆ. ಆ ತಾಯಿಗೆ ನನ್ನ ಉತ್ತರ ಒಪ್ಪಿಗೆಯಾಗಲಿಲ್ಲ. ಅವರ ಜಾಗದಲ್ಲಿದ್ದರೆ ನನಗೂ ಆಗುತ್ತಿರಲಿಲ್ಲವೇನೋ.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು ಎಂದು ಸರ್ಕಾರದ್ದೇ ಲೆಕ್ಕ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ಹೆಂಗಸರು 23,772. ಆ ಹೆಂಗಸರಲ್ಲಿ 1,537 ತಾಯಂದಿರ ಜೊತೆ 1,764 ಮಕ್ಕಳು. ಇವರ ಬಳಿಗೆ ಹೋಗುವ ಸ್ವಯಂಸೇವಾ ಸಂಸ್ಥೆಗಳಿಲ್ಲವೇ? ಇವೆ, ಒಳ್ಳೆಯ ಕೆಲಸ ಮಾಡುವವೂ ಇವೆ. ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದಲೇ ನಾಟಕ ಆಡಿಸಿ ಊರೂರಿಗೆ ಕರೆತಂದದ್ದನ್ನು ನೋಡಿದವರಿಗೆ ಕೈದಿ ಎಂಬ ಪದದ ಅರ್ಥವೇ ಬದಲಾಗಿದೆ. ಆದರೆ ಮಹಿಳಾ ದಿನಾಚರಣೆಗೆ ಬಾಳೆಹಣ್ಣು, ಬ್ರೆಡ್ಡು ಹಂಚಿ ಫೋಟೋ ತೆಗೆಸಿಕೊಂಡು ಹೋಗುವವರೂ ಇದ್ದಾರೆ. ಹಣ್ಣು ತಿಂದ ಹೆಂಗಸು ಮರುದಿನವೂ ಒಳಗೇ ಇರುತ್ತಾಳೆ. ಆಕೆಗೆ ಬೇಕಾದದ್ದು ವಾಯಿದೆಯ ತಾರೀಖು ಹೇಳುವವರು, ಮಗಳ ಶಾಲೆ ವಿಚಾರಿಸುವವರು, ಒಂದು ಅರ್ಜಿ ಬರೆದುಕೊಡುವವರು.

ಅರ್ಜಿಯ ಮಾತು ಬಂದದ್ದರಿಂದ ಇದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ: ಜಾಮೀನು ಸಿಕ್ಕಿ ಏಳು ದಿನವಾದರೂ ಕೈದಿ ಹೊರಗೆ ಹೋಗದಿದ್ದರೆ ಜೈಲಿನ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಜಾಮೀನು ಒದಗಿಸಲು ಆಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ಕೋರ್ಟು ತಾನಾಗಿಯೇ ನೋಡಬಹುದು. ನಮ್ಮವಳ ಜಾಮೀನು ಅದಾದ ಮೂರು ತಿಂಗಳ ಮೇಲಿನದು. ಆಕೆಯ ವಿಷಯದಲ್ಲಿ ಯಾರೂ ಯಾರಿಗೂ ತಿಳಿಸಲಿಲ್ಲ, ಯಾರೂ ನೋಡಲಿಲ್ಲ. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳ ಜಾಮೀನಿಗೆ ನಲವತ್ತು ಸಾವಿರದವರೆಗೆ ಕೊಡುವ ಯೋಜನೆ ತಂದಿತು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು, ಅದಕ್ಕೆ 15100 ಎಂಬ ಸಹಾಯವಾಣಿ ಇದೆ. ಎಲ್ಲ ಇದೆ, ಕೇಳುವವರಿಲ್ಲ. ಇದು ಸರ್ಕಾರ ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ ಎಂಬುದನ್ನೂ ಮರೆಯಬೇಡಿ. ನಾವು ಹೋಗುವುದು ಅವರ ಕೆಲಸ ಹಗುರ ಮಾಡಲು ಅಲ್ಲ, ಅವರಿಂದ ಮಾಡಿಸಲು.

ಜಾಮೀನು ನಿಲ್ಲುವುದರಲ್ಲಿ ಅಪಾಯವಿಲ್ಲ ಎಂದು ಸುಳ್ಳು ಹೇಳಲಾರೆ. ಆಕೆ ವಾಯಿದೆ ತಪ್ಪಿಸಿ ತಲೆಮರೆಸಿಕೊಂಡರೆ ನನ್ನ ಮುಚ್ಚಳಿಕೆಯ ಹಣ ಮುಟ್ಟುಗೋಲಾಗುತ್ತದೆ. ಆದ್ದರಿಂದಲೇ ಇದು ಒಬ್ಬಳ ಕೆಲಸವಲ್ಲ. ವಾಯಿದೆಯ ಹಿಂದಿನ ಸಂಜೆ ಒಬ್ಬಳು ಫೋನು ಮಾಡಬೇಕು, ಆ ದಿನ ಒಬ್ಬಳು ಜೊತೆಗೆ ಹೋಗಬೇಕು, ಇನ್ನೊಬ್ಬಳು ಮಕ್ಕಳನ್ನು ನೋಡಿಕೊಳ್ಳಬೇಕು. ಕಂತು ವಸೂಲಿ ಮಾಡಿದ ನಮಗೆ ಇದು ಹೊಸ ವಿದ್ಯೆಯಲ್ಲ. 2023ರಿಂದ ಬಸ್ಸಿಗೆ ದುಡ್ಡಿಲ್ಲ ಎಂಬ ನೆಪವೂ ಉಳಿದಿಲ್ಲ.

ಆಕೆ ಈಗ ಹೊಲಿಗೆ ಮಾಡಿಕೊಂಡಿದ್ದಾಳೆ, ಮಗಳು ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಇಲ್ಲಿಯವರೆಗೆ ಒಂದು ವಾಯಿದೆಯನ್ನೂ ತಪ್ಪಿಸಿಲ್ಲ. ಪ್ರತಿ ಸಲವೂ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ನಾವು ಮೂವರು ಹತ್ತುತ್ತೇವೆ: ಆಕೆ, ಒಂದೂವರೆ ಎಕರೆಯ ಆ ವಿಧವೆ, ನಾನು. ಆಕೆಯ ಹಳೆಯ ಸಂಘದ ಹೆಂಗಸರು ಅದೇ ನಿಲ್ದಾಣದಲ್ಲಿ ಕೆಲಸಕ್ಕೆ ಹೋಗಲು ನಿಂತಿರುತ್ತಾರೆ. ಹೋದ ಸಲ ಅವರಲ್ಲಿ ಒಬ್ಬಳು ಹತ್ತಿರ ಬಂದು, ಕೋರ್ಟಿನಲ್ಲಿ ಎಷ್ಟು ಹೊತ್ತಾಗುತ್ತದೆ, ಮಧ್ಯಾಹ್ನದೊಳಗೆ ವಾಪಸ್ ಬರಬಹುದಾ ಎಂದು ಕೇಳಿದಳು.